ಭದ್ರಾ ಹಿನ್ನೀರಿನ ಹಕ್ಕಿ ನಡುಗಡ್ಡೆಗೆ ಹೊರಟಿದ್ದೀರಾ? ಮೊದಲು ಡ್ಯಾಂ ಮಟ್ಟ ನೋಡಿ

ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ನನಗೆ ಒಂದೇ ಥರದ ಪ್ರಶ್ನೆಗಳು ಬರಲು ಶುರುವಾಗುತ್ತವೆ. ‘ಲಕ್ಕವಳ್ಳಿ ಹತ್ತಿರ ನೀರಿನ ನಡುವೆ ಹಕ್ಕಿಗಳು ಮೊಟ್ಟೆ ಇಡುವ ದ್ವೀಪ ಇದೆಯಂತಲ್ಲ, ಅಲ್ಲಿಗೆ ಹೋಗುವುದು ಹೇಗೆ?’ ‘ಯಾವ ತಿಂಗಳು ಹೋದರೆ ಒಳ್ಳೆಯದು?’ ‘ಬೋಟಿನಿಂದ ಇಳಿದು ಮಕ್ಕಳಿಗೆ ಗೂಡು ತೋರಿಸಬಹುದಾ?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಳಿಯುವ ಹಾಗಿಲ್ಲ. ಬೋಟಿನಲ್ಲೇ ಕೂತು, ದೂರದಿಂದ ನೋಡಿ, ವಾಪಸ್ ಬರಬೇಕು. ಇದಕ್ಕೆ ಒಪ್ಪಿಗೆ ಇದ್ದರೆ ಮುಂದೆ ಓದಿ. ಯಾಕೆ ಹೀಗೆ ಅಂತ ಆರನೇ ಹಂತದಲ್ಲಿ ವಿವರವಾಗಿ ಹೇಳಿದ್ದೇನೆ.

ಏನನ್ನು ನೋಡಲು ಹೋಗುತ್ತಿದ್ದೇವೆ?

ಭದ್ರಾ ನದಿ ಕುದುರೆಮುಖದ ಕಡೆ ಗಂಗಾಮೂಲದಲ್ಲಿ ಹುಟ್ಟಿ, ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಗೆ ಬರುತ್ತದೆ. ಅಲ್ಲಿ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದಲ್ಲಿ ಮುಗಿಯಿತು. ನೀರು ನಿಂತಾಗ ಕಣಿವೆ ಮುಳುಗಿತು. ಎತ್ತರದ ಗುಡ್ಡಗಳ ತಲೆ ಮಾತ್ರ ಹೊರಗೆ ಉಳಿಯಿತು. ನಾವು ನಡುಗಡ್ಡೆ ಎನ್ನುವುದು ಈ ಗುಡ್ಡದ ತಲೆಗಳನ್ನೇ. ಅಣೆಕಟ್ಟಿನ ಹಿಂದೆ ಹೀಗೆ ಹರಡಿಕೊಂಡು ನಿಂತ ನೀರಿಗೆ ಹಿನ್ನೀರು ಎನ್ನುತ್ತಾರೆ. ಹಿನ್ನೀರಿನ ಅಂಚಿಗೆ ಹಬ್ಬಿರುವ ಕಾಡು ಭದ್ರಾ ವನ್ಯಜೀವಿಧಾಮ. 1998ರಲ್ಲಿ ಅದನ್ನು ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು.

ಈ ನಡುಗಡ್ಡೆಗಳ ಮೇಲೆ ಗೂಡು ಮಾಡುವ ಮುಖ್ಯ ಹಕ್ಕಿ ರಿವರ್ ಟರ್ನ್. ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಟರ್ನ್‌ಗೆ ‘ರೀವ’ ಎಂಬ ಹೆಸರಿದೆ. ನಾನೂ ಅದನ್ನೇ ಬಳಸುತ್ತೇನೆ. ಮೈ ಬೂದು ಬಿಳಿ. ಮರಿ ಮಾಡುವ ಕಾಲದಲ್ಲಿ ತಲೆಗೆ ಕರಿ ಟೋಪಿ ಹಾಕಿದ ಹಾಗೆ ಇರುತ್ತದೆ. ಕೊಕ್ಕು ಗಾಢ ಹಳದಿ, ಕಾಲು ಕೆಂಪು, ಬಾಲ ಕತ್ತರಿಯಂತೆ ಸೀಳಿಕೊಂಡಿರುತ್ತದೆ. ನೀರಿನ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತು, ಮೀನು ಕಂಡ ಕೂಡಲೇ ತಲೆಕೆಳಗಾಗಿ ಧುಮುಕುತ್ತದೆ. ಒಂದು ಸಲ ನೋಡಿದರೆ ಆಮೇಲೆ ಬೇರೆ ಹಕ್ಕಿ ಎಂದು ತಪ್ಪಾಗಿ ತಿಳಿಯುವ ಪ್ರಶ್ನೆಯೇ ಇಲ್ಲ.

ರೀವ ಮೂಲತಃ ನದಿಯ ಮರಳು ದಿಬ್ಬಗಳ ಮೇಲೆ ಮೊಟ್ಟೆ ಇಡುವ ಹಕ್ಕಿ. ಮರಳು ತೆಗೆಯುವುದು ಹೆಚ್ಚಾಯಿತು. ನಾಯಿ, ದನ, ಜನರ ಓಡಾಟವೂ ಹೆಚ್ಚಾಯಿತು. ಅಣೆಕಟ್ಟಿನಿಂದ ಇದ್ದಕ್ಕಿದ್ದ ಹಾಗೆ ಬಿಡುವ ನೀರಿಗೆ ಗೂಡುಗಳು ಕೊಚ್ಚಿ ಹೋಗತೊಡಗಿದವು. ಈಗ ಇದು ಜಗತ್ತಿನ ಮಟ್ಟದಲ್ಲೇ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಅಂಥ ಹಕ್ಕಿ ನಮ್ಮ ಮನೆ ಹತ್ತಿರದ ಹಿನ್ನೀರಿಗೆ ಪ್ರತಿ ಬೇಸಿಗೆ ಗುಂಪುಗುಂಪಾಗಿ ಬಂದು ಮರಿ ಮಾಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಹಂತ 1: ಡ್ಯಾಂ ಮಟ್ಟ ನೋಡಿ, ಆಮೇಲೆ ರಜೆ ಹಾಕಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಮೊದಲು ರಜೆ ಹಾಕುತ್ತಾರೆ, ರೂಮ್ ಹಿಡಿಯುತ್ತಾರೆ, ಆಮೇಲೆ ‘ಈಗ ಹಕ್ಕಿ ಇರುತ್ತಾ?’ ಎಂದು ಕೇಳುತ್ತಾರೆ. ನಾನೂ ಮೊದಲ ಸಲ ದಸರಾ ರಜೆಯಲ್ಲಿ ಹೋಗಿದ್ದೆ. ಡ್ಯಾಂ ತುಂಬಿತ್ತು. ಎಲ್ಲಿ ನೋಡಿದರೂ ನೀರು. ನಡುಗಡ್ಡೆ ಎಂದು ಅಂದುಕೊಂಡು ಹೋದ ಜಾಗದಲ್ಲಿ ಒಣಮರದ ಎರಡು ತುದಿ ಬಿಟ್ಟರೆ ಏನೂ ಇರಲಿಲ್ಲ.

ಲೆಕ್ಕ ಹೀಗಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗೆ ಜಲಾಶಯ ತುಂಬುತ್ತಾ ಹೋಗುತ್ತದೆ. ಗರಿಷ್ಠ ಮಟ್ಟ 186 ಅಡಿ. ಆಗ ತಗ್ಗಿನ ನಡುಗಡ್ಡೆಗಳೆಲ್ಲ ನೀರೊಳಗೆ. ಮಳೆಗಾಲ ಮುಗಿದು, ಬೇಸಿಗೆ ಬೆಳೆಗೆ ನಾಲೆಗಳಿಗೆ ನೀರು ಬಿಡಲು ಶುರು ಮಾಡಿದ ಮೇಲೆ ಮಟ್ಟ ಇಳಿಯುತ್ತದೆ. ಭದ್ರಾವತಿ, ಚನ್ನಗಿರಿ, ದಾವಣಗೆರೆ ಕಡೆಯ ಗದ್ದೆ ತೋಟಗಳಿಗೆ ನೀರು ಹೋದಷ್ಟೂ ಇಲ್ಲಿ ಗುಡ್ಡದ ತಲೆ ಮೇಲೇಳುತ್ತದೆ. ಬರೀ ಕಲ್ಲು, ಗರಸು ಮಣ್ಣು. ಮರವಿಲ್ಲ, ಪೊದೆಯಿಲ್ಲ. ರೀವಕ್ಕೆ ಬೇಕಾದ್ದು ಅಂಥದ್ದೇ ಬೋಳು ನೆಲ. ಸುತ್ತಲೂ ನೀರಿದ್ದರೆ ನಾಯಿ, ನರಿ ಸುಲಭವಾಗಿ ಬರುವುದಿಲ್ಲ. ಮರವಿಲ್ಲದಿದ್ದರೆ ಮೊಟ್ಟೆ ಕದಿಯಲು ಬರುವ ಪ್ರಾಣಿ, ಹಕ್ಕಿಗಳು ದೂರದಿಂದಲೇ ಕಾಣುತ್ತವೆ.

ಹಾಗಾಗಿ ಸಾಮಾನ್ಯವಾಗಿ ಫೆಬ್ರುವರಿಯಿಂದ ಮೇ ತನಕ ಗೂಡಿನ ಕಾಲ. ಶುರುವಿನಲ್ಲಿ ಜೋಡಿಯಾಗುವ ಆಟ ಕಾಣುತ್ತದೆ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಡುತ್ತದೆ. ಆಮೇಲೆ ಮೊಟ್ಟೆ, ಮರಿ. ನನ್ನನ್ನು ಕೇಳಿದರೆ ಮಾರ್ಚ್ ತಿಂಗಳು ಒಳ್ಳೆಯದು. ಬಿಸಿಲು ಇನ್ನೂ ತಡೆಯುವಷ್ಟು ಇರುತ್ತದೆ, ಹಕ್ಕಿಗಳ ಚಟುವಟಿಕೆ ಜೋರಾಗಿರುತ್ತದೆ.

ಆದರೆ ಪ್ರತಿ ವರ್ಷವೂ ಒಂದೇ ಥರ ಇರುವುದಿಲ್ಲ. ಮಳೆ ಚೆನ್ನಾಗಿ ಆಗಿ, ನೀರು ತಡವಾಗಿ ಬಿಟ್ಟ ವರ್ಷ ನಡುಗಡ್ಡೆ ತಡವಾಗಿ ಏಳುತ್ತದೆ. ಬರಗಾಲದ ವರ್ಷ ಮಟ್ಟ ತೀರಾ ಇಳಿದು, ಕೆಲವು ನಡುಗಡ್ಡೆಗಳು ದಡಕ್ಕೆ ಅಂಟಿಕೊಳ್ಳುವ ಅಪಾಯವಿರುತ್ತದೆ. ಆಗ ನರಿ, ನಾಯಿ ನಡೆದುಕೊಂಡೇ ಬರಬಹುದು. ಹಕ್ಕಿಗಳು ಅಂಥ ಜಾಗ ಬಿಟ್ಟುಬಿಡಬಹುದು.

ಇದನ್ನು ಮನೆಯಲ್ಲೇ ಕೂತು ತಿಳಿದುಕೊಳ್ಳುವ ದಾರಿ ಇದೆ. ನಮ್ಮ ಕಡೆಯ ದಿನಪತ್ರಿಕೆಗಳಲ್ಲಿ ಜಲಾಶಯ ಮಟ್ಟ ಹಾಕುತ್ತಾರಲ್ಲ, ಅದನ್ನು ನೋಡಿ. ಅಲ್ಲಿ ಬರುವ ಪದಗಳು ಇವು:

ಇಂದಿನ ಮಟ್ಟ ಎಂದರೆ ಆ ದಿನ ನೀರು ಎಷ್ಟು ಅಡಿಯಲ್ಲಿ ನಿಂತಿದೆ ಎಂಬುದು. ಅದನ್ನು 186ರ ಜೊತೆ ಹೋಲಿಸಿ.

ಒಳಹರಿವು, ಹೊರಹರಿವು ಎಂದರೆ ಬರುವ ನೀರು, ಹೋಗುವ ನೀರು. ಇದನ್ನು ಕ್ಯೂಸೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಭದ್ರಾ ತುಂಬಿದರೆ ಸುಮಾರು 71.5 ಟಿಎಂಸಿ.

ಡಿಸೆಂಬರ್ ಕೊನೆ, ಜನವರಿಯಲ್ಲಿ ‘ಕಾಡಾ ಸಭೆ’ ಎಂಬ ಸುದ್ದಿಯೂ ಬರುತ್ತದೆ. ಕಾಡಾ ಎಂದರೆ ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರ. ಬೇಸಿಗೆ ಬೆಳೆಗೆ ನಾಲೆಗೆ ಯಾವತ್ತಿನಿಂದ ನೀರು, ಎಷ್ಟು ದಿನ ಎಂಬುದು ಇಂಥ ಸಭೆಗಳಲ್ಲಿ ಚರ್ಚೆಗೆ ಬರುತ್ತದೆ. ರೈತರು ಓದುವ ಆ ಸುದ್ದಿಯನ್ನು ಹಕ್ಕಿ ನೋಡುವವರೂ ಓದಬೇಕು. ನೀರು ಬಿಟ್ಟ ದಿನದಿಂದ ವಾರಕ್ಕೊಮ್ಮೆ ಮಟ್ಟ ಬರೆದಿಟ್ಟುಕೊಳ್ಳಿ. ಅದು ಹೇಗೆ ಇಳಿಯುತ್ತಿದೆ ಎಂದು ನಿಮಗೇ ಗೊತ್ತಾಗುತ್ತದೆ. ಹೊರಡುವ ಮುಂಚೆ ಬೋಟ್ ನಡೆಸುವವರಿಗೆ ಫೋನ್ ಮಾಡಿ, ‘ನಡುಗಡ್ಡೆ ಎದ್ದಿದೆಯಾ, ಟರ್ನ್ ಕೂತಿವೆಯಾ’ ಎಂದು ಕೇಳಿ. ಎರಡೇ ಪ್ರಶ್ನೆ ಸಾಕು.

ಹಂತ 2: ಬೋಟ್ ಗೊತ್ತು ಮಾಡಿಕೊಳ್ಳಿ

ಹಿನ್ನೀರಿನಲ್ಲಿ ಸಿಕ್ಕ ಸಿಕ್ಕ ದೋಣಿಯಲ್ಲಿ ಹೋಗುವುದಕ್ಕೆ ಆಗುವುದಿಲ್ಲ. ಅಧಿಕೃತವಾಗಿ ಬೋಟ್ ಸಫಾರಿ ನಡೆಸುವವರ ಜೊತೆಯೇ ಹೋಗಬೇಕು. ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಲಕ್ಕವಳ್ಳಿಯ ಹಿನ್ನೀರಿನ ದಡದಲ್ಲಿ ‘ರಿವರ್ ಟರ್ನ್ ಲಾಡ್ಜ್’ ನಡೆಸುತ್ತದೆ. ಹೆಸರೇ ಈ ಹಕ್ಕಿಯದ್ದು. ಅಲ್ಲಿ ಉಳಿದುಕೊಂಡರೆ ಊಟ, ಬೋಟ್ ಸಫಾರಿ, ಜೀಪ್ ಸಫಾರಿ ಸಾಮಾನ್ಯವಾಗಿ ಪ್ಯಾಕೇಜ್ ಒಳಗೇ ಬರುತ್ತವೆ.

ಬುಕ್ ಮಾಡುವಾಗ ಇಷ್ಟನ್ನು ಕೇಳಿ. ಉಳಿದುಕೊಳ್ಳದೆ ಬರೀ ಬೋಟಿಗೆ ಬರಬಹುದಾ? ಬೋಟ್ ಬೆಳಗ್ಗೆಯಾ, ಸಂಜೆಯಾ? ದೊಡ್ಡ ಕ್ಯಾಮೆರಾ ಲೆನ್ಸ್‌ಗೆ ಬೇರೆ ಶುಲ್ಕ ಇದೆಯಾ? ಮಕ್ಕಳ ವಯಸ್ಸಿಗೆ ಮಿತಿ ಇದೆಯಾ? ಗುರುತಿನ ಚೀಟಿ ಯಾವುದು ತರಬೇಕು? ದರಗಳು ಬದಲಾಗುತ್ತಾ ಇರುತ್ತವೆ. ಹೋದ ವರ್ಷ ಹೋಗಿ ಬಂದ ಸ್ನೇಹಿತರು ಹೇಳಿದ ದರ ನಂಬಬೇಡಿ, ನೇರವಾಗಿ ಕೇಳಿ.

ಬೆಳಗ್ಗೆ, ಸಂಜೆ ಎರಡರಲ್ಲಿ ಒಂದನ್ನು ಆರಿಸಲು ಅವಕಾಶ ಕೊಟ್ಟರೆ ಬೆಳಗ್ಗೆಯದನ್ನೇ ಆರಿಸಿ. ಗಾಳಿ ಕಡಿಮೆ, ನೀರು ಸಮವಾಗಿರುತ್ತದೆ. ಬೆಳಕು ಮೆತ್ತಗಿರುತ್ತದೆ. ಸಂಜೆ ಬೋಟಿಗೂ ಒಂದು ಲಾಭ ಇದೆ. ನೀರು ಕುಡಿಯಲು ಆನೆ, ಕಾಟಿ (ಕಾಡುಕೋಣ) ದಡಕ್ಕೆ ಇಳಿಯುವ ಹೊತ್ತು ಅದು. ಹಕ್ಕಿಗೆ ಬೆಳಗ್ಗೆ, ಆನೆಗೆ ಸಂಜೆ ಎಂದು ನೆನಪಿಟ್ಟುಕೊಳ್ಳಿ.

ಎಚ್ಚರ: ‘ನಮ್ಮ ತೆಪ್ಪದಲ್ಲಿ ಹತ್ತಿರ ಕರೆದುಕೊಂಡು ಹೋಗ್ತೀವಿ, ಇಳಿಸ್ತೀವಿ’ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಅನುಮತಿ ಇಲ್ಲದೆ ವನ್ಯಜೀವಿಧಾಮದ ಒಳಗೆ ಹೋಗುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಈ ನೀರಿನಡಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಮಟ್ಟ ಇಳಿದಾಗ ಅವು ನೀರಿನ ಮೇಲ್ಮೈಗೆ ಗೇಣು ಕೆಳಗೇ ಇರಬಹುದು. ದಾರಿ ಗೊತ್ತಿಲ್ಲದವರ ಜೊತೆ ಹೋಗಿ ಬೊಡ್ಡೆಗೆ ತಾಗಿದರೆ ಈಜು ಬಲ್ಲವರಿಗೂ ಕಷ್ಟ.

ಹಂತ 3: ತಲುಪುವುದು

ಶಿವಮೊಗ್ಗದಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಭದ್ರಾವತಿ ಮೇಲೆ ಬಿ.ಆರ್. ಪ್ರಾಜೆಕ್ಟ್ ಎಂಬ ಊರಿಗೆ ಬನ್ನಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಗೊತ್ತಿದ್ದರೆ ಅದೇ ದಿಕ್ಕು. ಅಲ್ಲಿಂದ ಲಕ್ಕವಳ್ಳಿ ಹತ್ತಿರ. ಬೆಂಗಳೂರಿನಿಂದ ರೈಲಿನಲ್ಲಿ ಬರುವವರು ತರೀಕೆರೆ ಅಥವಾ ಭದ್ರಾವತಿಯಲ್ಲಿ ಇಳಿಯಬಹುದು. ಜಿಲ್ಲೆಯ ಲೆಕ್ಕದಲ್ಲಿ ಲಕ್ಕವಳ್ಳಿ ಚಿಕ್ಕಮಗಳೂರಿನ ತರೀಕೆರೆ ತಾಲ್ಲೂಕಿಗೆ ಸೇರುತ್ತದೆ. ಮ್ಯಾಪ್‌ನಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಹುಡುಕಿ ಸಿಗಲಿಲ್ಲ ಎಂದು ಗಾಬರಿಯಾಗಬೇಡಿ.

ಬೆಳಗಿನ ಬೋಟ್ ಇದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ. ಶಿವಮೊಗ್ಗದವರು ಮನೆಯಿಂದಲೇ ಹೊರಡುವುದಾದರೆ ಕತ್ತಲಲ್ಲೇ ಏಳಬೇಕು. ಬೋಟ್ ಯಾರಿಗೂ ಕಾಯುವುದಿಲ್ಲ.

ಹಂತ 4: ಬಟ್ಟೆ, ಚೀಲ, ಮತ್ತು ಉಣುಗಿನ ವಿಷಯ

ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ, ಕೆಂಪು, ಹೊಳೆಯುವ ಬಟ್ಟೆ ಬೇಡ. ತಲೆಗೆ ಟೋಪಿ. ಗಾಳಿಗೆ ಹಾರಿ ನೀರಿಗೆ ಬೀಳದ ಹಾಗೆ ದಾರ ಇದ್ದರೆ ಒಳ್ಳೆಯದು. ಫೆಬ್ರುವರಿಯ ಬೆಳಗ್ಗೆ ನೀರಿನ ಮೇಲೆ ಚಳಿ ಇರುತ್ತದೆ, ಒಂದು ಸ್ವೆಟರ್ ಇಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಬಿಸಿಲು ಮೇಲಿಂದಲೂ ಬೀಳುತ್ತದೆ, ನೀರಿನಿಂದಲೂ ಹೊಡೆಯುತ್ತದೆ. ಕುಡಿಯುವ ನೀರು ಸ್ಟೀಲ್ ಬಾಟಲಿಯಲ್ಲಿ ತನ್ನಿ. ಚಿಪ್ಸ್ ಪ್ಯಾಕೆಟ್ ಥರದ್ದು ಬೋಟಿಗೆ ಬೇಡವೇ ಬೇಡ. ಗಾಳಿಗೆ ಒಂದು ಕವರ್ ಹಾರಿದರೆ ಹಿಡಿಯಲು ಆಗುವುದಿಲ್ಲ.

ದುರ್ಬೀನು ಇದ್ದರೆ ತಪ್ಪದೆ ತನ್ನಿ. ಅದರ ಮೇಲೆ 8x42 ಥರದ ಸಂಖ್ಯೆ ಇರುತ್ತದೆ. ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಬೋಟಿನಲ್ಲಿ 8 ಪಟ್ಟಿನದೇ ಅನುಕೂಲ. 10, 12 ಪಟ್ಟು ಆದರೆ ಬೋಟ್ ಅಲುಗಾಡಿದಾಗ ಚಿತ್ರವೂ ಕುಣಿಯುತ್ತದೆ, ತಲೆ ಸುತ್ತುತ್ತದೆ.

ಇನ್ನು ಉಣುಗು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಂಗನ ಕಾಯಿಲೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ 1957ರಲ್ಲಿ ಮೊದಲು ಗೊತ್ತಾದ ರೋಗ. ಉಣುಗು ಕಚ್ಚುವುದರಿಂದ ಬರುತ್ತದೆ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ರೀವ ಗೂಡು ಮಾಡುವ ಕಾಲವೂ ಅದೇ. ಬೋಟಿನಲ್ಲಿ ಕೂತವರಿಗೆ ಭಯವಿಲ್ಲ. ಆದರೆ ಬೋಟ್ ಹತ್ತುವ ಮೊದಲು, ಇಳಿದ ಮೇಲೆ ಕಾಡಿನ ಅಂಚಿನಲ್ಲಿ ಓಡಾಡುತ್ತೀರಲ್ಲ, ಅಲ್ಲಿ ಎಚ್ಚರ ಬೇಕು.

ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು ಹಾಕಿ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ. ಒಣ ತರಗೆಲೆಯ ಮೇಲೆ ಕೂರಬೇಡಿ, ಚೀಲ ಇಡಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಉಣುಗು ಓಡಿಸುವ ಎಣ್ಣೆಯನ್ನು ಆರೋಗ್ಯ ಇಲಾಖೆ ಮಲೆನಾಡಿನ ಹಳ್ಳಿಗಳಲ್ಲಿ ಹಂಚುವುದುಂಟು. ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸ್ ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ನೆನೆಹಾಕಿ. ಮೈಮೇಲೆ ಹುಡುಕಿ ನೋಡಿ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು. ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ವಾಪಸ್ ಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಎಂದು ಬಾಯಿಬಿಟ್ಟು ಹೇಳಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದಿದ್ದರೆ ಹೊಳೆಯದೆ ಇರಬಹುದು.

ಬೆಂಕಿಪೊಟ್ಟಣ, ಸಿಗರೇಟು ಮನೆಯಲ್ಲೇ ಬಿಟ್ಟು ಬನ್ನಿ. ಬೇಸಿಗೆಯ ಎಲೆ ಉದುರುವ ಕಾಡಿಗೆ ಒಂದು ಕಿಡಿ ಸಾಕು.

ಹಂತ 5: ಬೋಟ್ ಹತ್ತುವಾಗ

ಲೈಫ್ ಜಾಕೆಟ್ ಹಾಕಿ, ಎಲ್ಲ ಪಟ್ಟಿಗಳನ್ನೂ ಬಿಗಿ ಮಾಡಿ. ಹೆಗಲಿಗೆ ಸುಮ್ನೆ ನೇತುಹಾಕಿಕೊಂಡರೆ ನೀರಿಗೆ ಬಿದ್ದಾಗ ಅದು ಮೇಲೆದ್ದು ಮುಖಕ್ಕೆ ಬರುತ್ತದೆ. ಮಕ್ಕಳಿಗೆ ಅವರ ಅಳತೆಯದ್ದೇ ಕೇಳಿ. ಜಾಗ ಹಿಡಿದ ಮೇಲೆ ಎದ್ದು ಓಡಾಡಬೇಡಿ. ಆನೆ ಕಂಡಿತು ಎಂದು ಎಲ್ಲರೂ ಒಂದೇ ಪಕ್ಕಕ್ಕೆ ವಾಲುವುದು ಅಪಾಯ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇದ್ದಕ್ಕಿದ್ದ ಹಾಗೆ ಬರುತ್ತದೆ. ಬಯಲು ನೀರಿನ ಮೇಲೆ ಗಾಳಿ ಎದ್ದರೆ ಅಲೆ ಜೋರಾಗುತ್ತದೆ. ಸಿಡಿಲಿನ ಭಯವೂ ಇದೆ. ಬೋಟಿನವರು ‘ಇವತ್ತು ಬೇಡ’ ಎಂದರೆ, ಅಥವಾ ಅರ್ಧಕ್ಕೇ ತಿರುಗಿಸಿದರೆ, ಜಗಳ ಮಾಡಬೇಡಿ. ಆ ನೀರು ಅವರಿಗೆ ಗೊತ್ತು.

ಹಂತ 6: ನಡುಗಡ್ಡೆಯ ಹತ್ತಿರ

ಈ ಹಂತವನ್ನು ಎರಡು ಸಲ ಓದಿ ಎಂದು ಕೇಳಿಕೊಳ್ಳುತ್ತೇನೆ.

ರೀವದ ಗೂಡು ಎಂದರೆ ಗೂಡೇ ಅಲ್ಲ. ನೆಲದಲ್ಲಿ ಕಾಲಿನಿಂದ ಕೆರೆದ ಸಣ್ಣ ಗುಳಿ. ಹುಲ್ಲಿಲ್ಲ, ಕಡ್ಡಿಯಿಲ್ಲ. ಅದರಲ್ಲಿ ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ. ಬೂದು ಮಣ್ಣಿನ ಬಣ್ಣ, ಮೇಲೆ ಕಂದು ಮಚ್ಚೆ. ಪಕ್ಕದ ಕಲ್ಲಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮರಿಯೂ ಹಾಗೆಯೇ. ತಾಯಿ ಕೂಗಿ ಎಚ್ಚರಿಸಿದ ತಕ್ಷಣ ನೆಲಕ್ಕೆ ಅಂಟಿ ಮಲಗಿಬಿಡುತ್ತದೆ, ಅಲುಗಾಡುವುದಿಲ್ಲ. ನೀವು ಎಷ್ಟೇ ಜಾಗ್ರತೆಯಿಂದ ನಡೆದರೂ ಕಾಲಡಿ ಏನಿದೆ ಎಂದು ಕಾಣುವುದಿಲ್ಲ.

ಇಳಿಯಬಾರದು ಎನ್ನುವುದಕ್ಕೆ ಇದು ಮೊದಲ ಕಾರಣ. ಎರಡನೆಯದು ಬಿಸಿಲು. ಈ ಬೋಳುಗುಡ್ಡೆಯ ಮೇಲೆ ನೆರಳು ಎಂಬುದೇ ಇಲ್ಲ. ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕೆ ಎಂದು ನಾವು ಓದಿದ್ದೇವೆ. ಇಲ್ಲಿ ಹಗಲಿನಲ್ಲಿ ಅದು ಕೂರುವುದು, ನಿಲ್ಲುವುದು ನೆರಳು ಕೊಡಲಿಕ್ಕೂ ಹೌದು. ನಮ್ಮಿಂದಾಗಿ ಅದು ಎದ್ದು ಹಾರಿದರೆ ಮೊಟ್ಟೆ ನೇರ ಬಿಸಿಲಿಗೆ ಬೀಳುತ್ತದೆ. ಸ್ವಲ್ಪ ಹೊತ್ತು ಹಾಗೇ ಇದ್ದರೂ ಒಳಗಿನ ಮರಿ ಸಾಯಬಹುದು.

ಮೂರನೆಯದು ಕಾಗೆ, ಗರುಡ. ಇವು ಅವಕಾಶ ಕಾಯುತ್ತಲೇ ಇರುತ್ತವೆ. ರೀವಗಳೆಲ್ಲ ಗೂಡಿನ ಮೇಲಿದ್ದಾಗ ಗುಂಪಾಗಿ ಎದುರಿಸಿ ಓಡಿಸುತ್ತವೆ. ಬೋಟಿನ ಭಯಕ್ಕೆ ರೀವಗಳು ಮೇಲೆದ್ದು ಸುತ್ತುತ್ತಿದ್ದರೆ ಕೆಳಗೆ ಕಾವಲು ಇರುವುದಿಲ್ಲ. ಕಾಗೆಗೆ ಅಷ್ಟೇ ಬೇಕು.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದು ಕೂಡ ಸೇರಿದೆ.

ಹಾಗಾದರೆ ಎಷ್ಟು ದೂರದಲ್ಲಿ ನಿಲ್ಲಬೇಕು? ಮೀಟರ್ ಲೆಕ್ಕಕ್ಕಿಂತ ಹಕ್ಕಿಯನ್ನೇ ನೋಡಿ. ಗೂಡಿನ ಮೇಲಿದ್ದ ಹಕ್ಕಿ ಆರಾಮಾಗಿ ಕಣ್ಣು ಮುಚ್ಚಿ ತೆರೆಯುತ್ತಾ ಕೂತಿದ್ದರೆ ಸರಿ. ಕುತ್ತಿಗೆ ಉದ್ದ ಮಾಡಿ ನಿಮ್ಮ ಕಡೆಯೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಎದ್ದು ನಿಂತರೆ ಹಿಂದೆ ಸರಿಯಿರಿ. ಗುಂಪೆಲ್ಲ ಒಟ್ಟಿಗೆ ಹಾರಿ, ನಿಮ್ಮ ತಲೆಯ ಮೇಲೆ ಕೂಗುತ್ತಾ ಎರಗಿ ಬಂದರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ. ಆ ಹಾರಾಟ ನೋಡಲು ಚೆಂದ, ಫೋಟೋಗೂ ಚೆಂದ. ಆದರೆ ಹಕ್ಕಿಗೆ ಅದು ಸಂಕಟ. ಕೂಡಲೇ ಬೋಟ್ ದೂರ ತೆಗೆಸಿ.

ಬೋಟ್ ನಡೆಸುವವರ ಮೇಲೆ ಒತ್ತಡ ಹಾಕುವುದೇ ನಾವು. ‘ಅಣ್ಣಾ, ಇನ್ನೊಂಚೂರು ಹತ್ರ’ ಎಂದು ಒಬ್ಬರು ಹೇಳಿದರೆ ಸಾಕು, ಉಳಿದವರೂ ದನಿಗೂಡಿಸುತ್ತಾರೆ. ಅವರಿಗೆ ಇಲ್ಲ ಎನ್ನಲು ಸಂಕೋಚ. ಹಾಗಾಗಿ ಹೊರಡುವ ಮುಂಚೆಯೇ ನೀವೇ ಹೇಳಿ: ‘ಅಣ್ಣಾ, ಹಕ್ಕಿ ಏಳದ ಹಾಗೆ ದೂರದಲ್ಲೇ ನಿಲ್ಲಿಸಿ, ನಮಗೆ ಅಷ್ಟೇ ಸಾಕು.’ ಈ ಒಂದು ಮಾತಿನಿಂದ ಇಡೀ ಬೋಟಿನ ಹದ ಬದಲಾಗುತ್ತದೆ. ನಾನು ಹಲವು ಸಲ ನೋಡಿದ್ದೇನೆ.

ಹತ್ತಿರ ಬಂದಾಗ ಇಂಜಿನ್ ನಿಧಾನ ಮಾಡಿಸಿ. ಜೋರಾಗಿ ಹೋದರೆ ಏಳುವ ಅಲೆ ನಡುಗಡ್ಡೆಯ ಅಂಚಿಗೆ ಬಡಿಯುತ್ತದೆ. ಕೆಲವು ಗೂಡುಗಳು ನೀರಿನ ಅಂಚಿಗೇ ಇರುತ್ತವೆ. ಹತ್ತು ನಿಮಿಷ ನೋಡಿ ಮುಂದೆ ಹೋಗಿ. ನಿಮ್ಮ ಹಿಂದೆ ಇನ್ನೊಂದು ಬೋಟ್ ಬರುತ್ತದೆ, ಹಕ್ಕಿಗೆ ದಿನವಿಡೀ ಇದೇ ಆಗುತ್ತದೆ, ಅಲ್ವಾ? ಶಿಳ್ಳೆ, ಚಪ್ಪಾಳೆ, ಮೊಬೈಲ್ ಹಾಡು ಬೇಡ. ಡ್ರೋನ್ ತರಲೇಬೇಡಿ. ಮೇಲಿಂದ ಬರುವ ಯಾವುದೇ ವಸ್ತು ಹಕ್ಕಿಯ ಕಣ್ಣಿಗೆ ಗಿಡುಗನೇ.

ಹಂತ 7: ಇನ್ನೇನು ನೋಡಬಹುದು, ಫೋಟೋ ಹೇಗೆ

ಅದೇ ಗುಡ್ಡೆಗಳ ಮೇಲೆ ಸ್ಮಾಲ್ ಪ್ರಾಟಿನ್‌ಕೋಲ್ ಎಂಬ ಪುಟ್ಟ ಹಕ್ಕಿಯನ್ನು ಹುಡುಕಿ. ಗುಬ್ಬಿಗಿಂತ ತುಸು ದೊಡ್ಡದು, ಮರಳಿನ ಬಣ್ಣ. ಕೂತರೆ ಕಾಣುವುದೇ ಇಲ್ಲ. ಸಂಜೆ ಹುಳ ಹಿಡಿಯಲು ಹಾರುವಾಗ ಗೊತ್ತಾಗುತ್ತದೆ. ದಡದಲ್ಲಿ ಟಿಟ್ಟಿಭ. ಮುಳುಗಿದ ಮರಗಳ ತುದಿಯಲ್ಲಿ ರೆಕ್ಕೆ ಒಣಗಿಸುತ್ತಾ ನೀರುಕಾಗೆ, ಹಾವಕ್ಕಿ. ಚಳಿಗಾಲದ ಕೊನೆಯಲ್ಲಿ ಹೋದರೆ ಮೀನು ಹಿಡಿಯುವ ಆಸ್ಪ್ರೇ ಎಂಬ ದೊಡ್ಡ ಗಿಡುಗ ಸಿಗಬಹುದು. ಇದು ದೂರದ ಉತ್ತರದಿಂದ ವಲಸೆ ಬರುವ ಹಕ್ಕಿ. ನೀರುನಾಯಿಗಳ ಗುಂಪು ಕಂಡರೆ ಆ ದಿನ ಸಾರ್ಥಕ. ಮೊಸಳೆಯೂ ಇದೆ, ಕೈ ನೀರಿಗೆ ಇಳಿಬಿಡಬೇಡಿ.

ಕ್ಯಾಮೆರಾ ಇರುವವರಿಗೆ ಮೂರು ಮಾತು. ಟ್ರೈಪಾಡ್ ಬೋಟಿನಲ್ಲಿ ಪ್ರಯೋಜನವಿಲ್ಲ, ಇಂಜಿನ್ನಿನ ನಡುಕ ಅದರ ಮೂಲಕವೇ ಕ್ಯಾಮೆರಾಕ್ಕೆ ಬರುತ್ತದೆ. ಅಕ್ಕಿ ತುಂಬಿದ ಬಟ್ಟೆ ಚೀಲವನ್ನು ಮೊಣಕಾಲಿನ ಮೇಲೆ ಇಟ್ಟು ಲೆನ್ಸ್ ಆನಿಸಿ. ಹಾರುವ ರೀವಕ್ಕೆ ಶಟರ್ ವೇಗ 1/2000 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕು. ಇನ್ನೊಂದು ಸಾಮಾನ್ಯ ತಪ್ಪು: ಕಡುಬಣ್ಣದ ನೀರಿನ ಮುಂದೆ ಬಿಳಿ ಹಕ್ಕಿ ಇದ್ದಾಗ ಕ್ಯಾಮೆರಾ ಮೋಸ ಹೋಗುತ್ತದೆ, ಹಕ್ಕಿ ಬರೀ ಬಿಳಿ ಮುದ್ದೆಯಾಗುತ್ತದೆ. ಎಕ್ಸ್‌ಪೋಷರ್ ಅನ್ನು ಮೈನಸ್ 0.7 ಅಷ್ಟು ಇಳಿಸಿಕೊಳ್ಳಿ. ಮೊಬೈಲ್‌ನಲ್ಲಿ ತೆಗೆಯುವವರು ನಡುಗಡ್ಡೆ, ನೀರು, ಹಿಂದಿನ ಬೆಟ್ಟಸಾಲು ಎಲ್ಲ ಸೇರಿಸಿ ತೆಗೆಯಿರಿ. ಜೂಮ್ ಮಾಡಿದರೆ ಚುಕ್ಕಿ ಮಾತ್ರ ಸಿಗುತ್ತದೆ.

ಗೂಡು, ಮೊಟ್ಟೆಯ ಹತ್ತಿರದ ಫೋಟೋವನ್ನು ಎಲ್ಲೂ ಹಾಕಬೇಡಿ ಎಂಬುದು ನನ್ನ ವಿನಂತಿ. ಅದನ್ನು ನೋಡಿದವರು ಬಂದು ಬೋಟಿನವರಿಗೆ ‘ನಮಗೂ ಅಷ್ಟೇ ಹತ್ತಿರ ಬೇಕು’ ಎನ್ನುತ್ತಾರೆ.

ಹಂತ 8: ಕಾಲ ತಪ್ಪಿದರೆ ಮಂಡಗದ್ದೆ

ಜುಲೈಯಿಂದ ಅಕ್ಟೋಬರ್‌ವರೆಗೆ ಶಿವಮೊಗ್ಗಕ್ಕೆ ಬರುವವರು ಭದ್ರಾ ಹಿನ್ನೀರಿನಲ್ಲಿ ರೀವದ ಗೂಡು ಹುಡುಕಬೇಡಿ. ಆ ತಿಂಗಳುಗಳಿಗೆ ತುಂಗಾ ನದಿಯ ಮಂಡಗದ್ದೆ ಇದೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ.

ಇಲ್ಲಿ ಎಲ್ಲವೂ ತಿರುಗಾಮುರುಗಾ. ಹೊಳೆಯ ನಡುವೆ ಮರಗಳಿರುವ ಚಿಕ್ಕ ನಡುಗಡ್ಡೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಕೊಂಬೆಗಳ ಮೇಲೆ ಕಡ್ಡಿ ಗೂಡು ಕಟ್ಟುತ್ತವೆ. ನೀರು ಇಳಿದಾಗ ಅಲ್ಲ, ಹೊಳೆ ತುಂಬಿ ಹರಿಯುವಾಗ. ಸುತ್ತ ಹರಿಯುವ ಕೆಂಪು ನೀರೇ ಅವುಗಳ ಬೇಲಿ. ಹಾಗಾಗಿ ಇಲ್ಲಿ ಬೋಟಿನ ಆಸೆ ಬಿಟ್ಟುಬಿಡಿ. ತುಂಬಿದ ತುಂಗೆಗೆ ಇಳಿಯಬಾರದು. ರಸ್ತೆ ಬದಿಯ ದಂಡೆಯಿಂದ, ವೀಕ್ಷಣಾ ಗೋಪುರದಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ದುರ್ಬೀನು ಇದ್ದರೆ ಮರಿಗಳ ಬಾಯಿಯೊಳಗಿನ ಬಣ್ಣವೂ ಕಾಣುತ್ತದೆ.

ಎರಡು ಎಚ್ಚರ. ರಸ್ತೆಯ ಪಕ್ಕವೇ ಇರುವುದರಿಂದ ಗಾಡಿಯನ್ನು ತಿರುವಿನಲ್ಲಿ ನಿಲ್ಲಿಸಬೇಡಿ, ಬಸ್ಸುಗಳು ವೇಗವಾಗಿ ಬರುತ್ತವೆ. ಕೆಳಗೆ ನೀರಿನ ಅಂಚಿಗೆ ಇಳಿಯಬೇಡಿ, ಮಳೆಗಾಲದಲ್ಲಿ ದಂಡೆಯ ಮಣ್ಣು ಜಾರುತ್ತದೆ. ಕೊಡೆ, ದುರ್ಬೀನಿನ ಗಾಜು ಒರೆಸಲು ಒಂದು ಹತ್ತಿ ಬಟ್ಟೆ ಇಟ್ಟುಕೊಳ್ಳಿ. ಹೊತ್ತು ಇಳಿಯುವ ಮೊದಲೇ ಹೋಗಿ ನಿಲ್ಲಿ. ಹಗಲೆಲ್ಲ ಗದ್ದೆಗಳಲ್ಲಿ ಮೇಯಲು ಹೋಗಿದ್ದ ಬೆಳ್ಳಕ್ಕಿಗಳು ಸಾಲು ಸಾಲಾಗಿ ಹೊಳೆಯ ಮೇಲೆ ಬಂದು, ಒಂದೊಂದೇ ಮರಕ್ಕೆ ಇಳಿಯುತ್ತವೆ. ಕತ್ತಲಾಗುವ ತನಕ ಅವು ಬರುತ್ತಲೇ ಇರುತ್ತವೆ, ಬೇಗ ಹೊರಟುಬಿಡಬೇಡಿ.